ಇಸ್ತಾಂಬುಲ್‌ನಲ್ಲಿ ಇಂಗ್ಲಿಷಿನ ‘ಗೆಟ್’

ಇಸ್ತಾಂಬುಲ್‌ಗೆ ಕೆಲಸಕ್ಕೆ ಬಂದಿದ್ದೀರಿ. ಆಫೀಸಿನವರಿಗೆ ನಿಮ್ಮ ಇಂಗ್ಲಿಷ್ ತಿಳಿಯುತ್ತಿಲ್ಲ, ಅವರದು ನಿಮಗೆ ತಿಳಿಯುತ್ತಿಲ್ಲ, ಇಲ್ಲಿ ದಿನ ತಳ್ಳೋದು ಹೇಗೆ ಅಂತ ಕೇಳಿದ್ದೀರಿ. ಖಂಡಿತ ಆಗುತ್ತದೆ, ಗಾಬರಿ ಬೇಡ.

ಮೊದಲು ನಿಮ್ಮ ಮಾತಲ್ಲಿ ‘ಗೆಟ್’ ಕಡಿಮೆ ಮಾಡಿ. ಮೇಲ್ ಬಂದರೂ ಗೆಟ್, ಅರ್ಥವಾದರೂ ಗೆಟ್, ಬಸ್ ಹತ್ತಿದರೂ, ಇಳಿದರೂ, ಮದುವೆಯಾದರೂ ಗೆಟ್, ಅಲ್ವಾ? ಟರ್ಕಿಶ್‌ನಲ್ಲಿ ಇವಕ್ಕೆಲ್ಲ ಬೇರೆ ಬೇರೆ ಮಾತು. ಸಿಕ್ಕಿದ್ದಕ್ಕೆ ಅಲ್ಮಾಕ್, ಅರ್ಥವಾಗೋದಕ್ಕೆ ಅನ್ಲಮಾಕ್, ಹತ್ತೋದಕ್ಕೆ ಬಿನ್ಮೆಕ್, ಇಳಿಯೋದಕ್ಕೆ ಇನ್ಮೆಕ್, ಮದುವೆಯಾಗೋದಕ್ಕೆ ಎವ್ಲೆನ್ಮೆಕ್. ‘ಡಿಡ್ ಯು ಗೆಟ್ ಇಟ್?’ ಅಂದರೆ ಏನೋ ಬರಬೇಕಿತ್ತೇನೋ ಅಂತ ಅವರು ಯೋಚಿಸಬಹುದು. ‘ಅಂಡರ್‌ಸ್ಟ್ಯಾಂಡ್’ ಅನ್ನಿ, ‘ರಿಸೀವ್’ ಅನ್ನಿ. ಮಾತು ಸಲೀಸಾಗುತ್ತದೆ.

ಇನ್ನು ಅವರ ಇಂಗ್ಲಿಷ್. ‘ಐ ಟುಕ್ ಯುವರ್ ಮೇಲ್’ ಅಂದರೆ ಮೇಲ್ ತಲುಪಿತು ಅಂತ. ‘ಐ ಟುಕ್ ಎ ಕಾರ್’ ಅಂದವರು ಕಾರು ಕೊಂಡಿರಬಹುದು. ‘ಓಪನ್ ದ ಲೈಟ್’ ಅಂದರೆ ಲೈಟ್ ಹಾಕಿ. ‘ಕ್ಲೋಸ್ ದ ಫೋನ್’ ಅಂದರೆ ಫೋನ್ ಇಡಿ, ಅದರಲ್ಲಿ ಸಿಟ್ಟೇನೂ ಇಲ್ಲ. ಅಲ್ಮಾಕ್ ಅಂದರೆ ತಗೊಳ್ಳೋದೂ ಹೌದು, ಕೊಳ್ಳೋದೂ ಹೌದು. ನಾವು ‘ಒಂದು ಸೀರೆ ತಗೊಂಡೆ’ ಅನ್ನುವುದಿಲ್ಲವೇ? ‘ಟೀ ತಗೋತೀರಾ?’ ಅನ್ನೋದು ಇಲ್ಲಿ ‘ಚಾಯ್ ಅಲಿರ್ ಮಿಸಿನಿಜ್?’ ಆಗುತ್ತದೆ. ಅಂಗಡಿ ವ್ಯಾಪಾರಕ್ಕೆ ಅವರು ಹೇಳುವ ಅಲಿಶ್‌ವೆರಿಶ್ ಸಹ ತಗೊಳ್ಳೋದು, ಕೊಡೋದು ಎರಡೂ ಸೇರಿ ಆದದ್ದು.

ಅದಕ್ಕೇ ಹೇಳೋದು, ಟರ್ಕಿಶ್ ಕಲಿಯುವಾಗ ಇಂಗ್ಲಿಷ್ ಮೂಲಕ ಹೋಗಬೇಡಿ, ಕನ್ನಡದಿಂದ ನೇರ ಹೋಗಿ. ಕನ್ನಡದ ಹಾಗೆ ಅಲ್ಲೂ ಕ್ರಿಯಾಪದ ಕೊನೆಗೇ ಬರುತ್ತದೆ. ಪ್ರತ್ಯಯಗಳು ಹಿಂದೆಯೇ ಅಂಟಿಕೊಳ್ಳುತ್ತವೆ. ‘ಒಟೊಬುಸ್ತೆನ್ ಇಂದಿಮ್’ ಅಂದರೆ ‘ಬಸ್ಸಿನಿಂದ ಇಳಿದೆ’, ಪದದ ಜಾಗವೂ ಬದಲಾಗಲಿಲ್ಲ ನೋಡಿ. 1928ರಿಂದ ರೋಮನ್ ಅಕ್ಷರ ಇರೋದರಿಂದ ಬೋರ್ಡ್ ಓದೋದೂ ಸುಲಭ. ಸಿ ಅಕ್ಷರ ಕಂಡಲ್ಲಿ ಜ ಅಂತ ಓದಬೇಕು, ಅಷ್ಟು ನೆನಪಿಡಿ.

ಕಲಿಕೆ ಶುರು ಮಾಡೋಕೆ ದೊಲ್ಮುಶ್‌ನಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. ನಮ್ಮ ಕಡೆಯ ಶೇರ್ ಟೆಂಪೋ ಥರದ ಗಾಡಿ ಅದು. ಹಿಂದಿನ ಸೀಟಿನವರು ದುಡ್ಡನ್ನು ಮುಂದಿನವರ ಕೈಗೆ ಕೊಡುತ್ತಾರೆ. ಅದು ಕೈಯಿಂದ ಕೈಗೆ ಡ್ರೈವರ್ ತನಕ ಹೋಗುತ್ತದೆ, ಚಿಲ್ಲರೆ ಅದೇ ದಾರಿಯಲ್ಲಿ ವಾಪಸ್ ಬರುತ್ತದೆ. ಇಳಿಯೋ ಜಾಗ ಬಂದಾಗ ಕೂಗಬೇಕಾದ್ದು ‘ಇನೆಜೆಕ್ ವಾರ್!’ ಅಂತ. ಅಂದರೆ ‘ಇಳಿಯೋರಿದ್ದಾರೆ!’ ನಮ್ಮೂರ ಬಸ್ಸಲ್ಲಿ ಕೂಗಿದ ಹಾಗೇ ಗಟ್ಟಿಯಾಗಿ ಕೂಗಿ, ಸಂಕೋಚ ಬೇಡ. ಗಾಡಿ ನಿಲ್ಲುತ್ತದೆ.

ಊರು ಎರಡು ಖಂಡಗಳಲ್ಲಿ ಹರಡಿದೆಯಲ್ಲ, ಮನೆ ಯಾವ ಕಡೆ ನೋಡುತ್ತಿದ್ದೀರಿ, ಯುರೋಪ್ ಕಡೆಯೋ, ಕಡಿಕೊಯ್ ಇರುವ ಏಷ್ಯಾ ಕಡೆಯೋ? ಬರೆಯಿರಿ, ಆಫೀಸಿಗೆ ಹಡಗು ಒಳ್ಳೆಯದೋ ಸಮುದ್ರದಡಿಯ ಮರ್ಮರಾಯ್ ರೈಲೋ ಅಂತ ತಿಳಿಸುತ್ತೇನೆ.