ಬೆಂಗಳೂರಿನ ತಾರಸಿಯಲ್ಲಿಟ್ಟ ಬ್ಲೂಬೆರಿ ಗಿಡದ ಎಲೆ ಹಳದಿಯಾಗುತ್ತಿದೆ, ಯಾವ ಗೊಬ್ಬರ ಹಾಕಲಿ?

ಗೊಬ್ಬರದ ಮಾತು ಆಮೇಲೆ. ಮೊದಲು ಹೇಳಿ, ಯಾವ ನೀರು ಹಾಕುತ್ತಿದ್ದೀರಿ?

ನನ್ನ ಗಿಡಕ್ಕೂ ಹೀಗೇ ಆಗಿತ್ತು. ಎಲೆಯೆಲ್ಲ ಹಳದಿ, ನರ ಮಾತ್ರ ಹಸಿರು. ಹಾಗಂತ ಓದಿಕೊಳ್ಳದೆ ಶುರು ಮಾಡಿದವನಲ್ಲ ನಾನು. ಬ್ಲೂಬೆರಿಗೆ ಹುಳಿ ಮಣ್ಣು ಬೇಕು, ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ) 4.5ರಿಂದ 5.5 ಇರಬೇಕು ಅಂತ ಗೊತ್ತಿತ್ತು. ಕೋಕೋಪೀಟ್, ಪೀಟ್ ಮಾಸ್, ಸ್ವಲ್ಪ ಗಂಧಕದ ಪುಡಿ ಬೆರೆಸಿ, ಪಿಎಚ್ ಪಟ್ಟಿಯಲ್ಲಿ ನೋಡಿಯೇ ನೆಟ್ಟಿದ್ದೆ. ಆಮೇಲೆ ದಿನಾ ಹಾಕಿದ್ದು ಅಡುಗೆಮನೆಯ ಆರ್‌ಒ ಫಿಲ್ಟರಿನ ವೇಸ್ಟ್ ನೀರು. ಸುಮ್ನೆ ಮೋರಿಗೆ ಹೋಗುತ್ತೆ, ಗಿಡಕ್ಕಾದರೂ ಆಗಲಿ ಅಂತ.

ಕೆಟ್ಟಿದ್ದೇ ಇಲ್ಲಿ. ನಮ್ಮದು ಬೋರ್‌ವೆಲ್ ನೀರು, ಗಡಸು. ಬಕೆಟ್ಟಿನ ಒಳಗೆ ಬಿಳಿ ಪೊರೆ ಕಟ್ಟುತ್ತದೆ ಅಲ್ವಾ, ಅದೇ. ಆರ್‌ಒ ಮಷೀನು ಕುಡಿಯುವ ನೀರಿನಿಂದ ಆ ಉಪ್ಪನ್ನೆಲ್ಲ ತೆಗೆದು ವೇಸ್ಟ್ ಪೈಪಿಗೆ ತಳ್ಳುತ್ತದೆ. ಅಂದರೆ ಆ ಪೈಪಿನಲ್ಲಿ ಬರುವುದು ಬೋರ್‌ವೆಲ್ ನೀರಿಗಿಂತ ಜಾಸ್ತಿ ಗಡಸು. ಅದರಲ್ಲಿರುವ ಬೈಕಾರ್ಬನೇಟ್ ಮಣ್ಣಿನ ಹುಳಿಯನ್ನು ದಿನಾ ಒಂದಿಷ್ಟು ಮುಗಿಸುತ್ತದೆ. ಹುಳಿ ಹೋದರೆ ಮಣ್ಣಿನಲ್ಲಿ ಕಬ್ಬಿಣ ಇದ್ದೂ ಬೇರಿಗೆ ಸಿಗುವುದಿಲ್ಲ. ಎಲೆ ಹಳದಿಯಾಗುವುದು ಅದಕ್ಕೇ. ನಾನು ಗೊಬ್ಬರ ಸಾಲದು ಅಂದುಕೊಂಡು ಎರೆಗೊಬ್ಬರ ಸುರಿದೆ. ಸಾಲದ್ದಕ್ಕೆ ಊರಿಂದ ತಂದ ಒಲೆ ಬೂದಿ ಬೇರೆ. ಬೂದಿ ಮೊದಲೇ ಕ್ಷಾರ! ಎಲೆಯ ಅಂಚು ಕಂದಾಗಿ ಮುದುರಿತು, ಗಿಡ ಒಣಗಿತು. ಕುಂಡದ ಮಣ್ಣು ಪರೀಕ್ಷೆ ಮಾಡಿದರೆ ಪಿಎಚ್ 7 ದಾಟಿತ್ತು. ತಾರಸಿಯ ಮಳೆನೀರಿನ ಪೈಪು ಕುಂಡದ ಪಕ್ಕದಲ್ಲೇ ಇತ್ತು. ಒಂದು ಡ್ರಮ್ ಇಟ್ಟು ಹಿಡಿದಿದ್ದರೆ ಸಾಕಿತ್ತು.

ಹಾಗಾಗಿ ಗೊಬ್ಬರ ನಿಲ್ಲಿಸಿ, ಮಳೆನೀರು ಹಾಕಿ. ಆದರೆ ನನ್ನನ್ನು ಕೇಳಿದರೆ ಬೆಂಗಳೂರಿಗೆ ಬ್ಲೂಬೆರಿಯೇ ಬೇಡ. ಸರಿಯಾಗಿ ಹೂ ಬಿಡಲು ಎಷ್ಟೋ ತಳಿಗಳಿಗೆ 7 ಡಿಗ್ರಿಗಿಂತ ಕೆಳಗಿನ ಚಳಿ ನೂರಾರು ಗಂಟೆ ಬೇಕು. ನಮ್ಮ ಡಿಸೆಂಬರಿನಲ್ಲಿ ಅದೆಲ್ಲಿ ಬರಬೇಕು? ಬಿಲಾಕ್ಸಿಯಂಥ ಕಡಿಮೆ ಚಳಿಯ ತಳಿ ಇದೆ, ನಿಜ. ಅದಕ್ಕೂ ಹುಳಿ ಮಣ್ಣು ಬೇಕೇ ಬೇಕು.

ಹಿಪ್ಪುನೇರಳೆ ಹಾಕಿ ಮಾರಾಯ್ರೆ. ಶಿಡ್ಲಘಟ್ಟ, ರಾಮನಗರದ ಕಡೆ ರೇಷ್ಮೆಗೆ ಬೆಳೆಯುತ್ತಾರಲ್ಲ, ಅದೇ ಗಿಡ. ಕಾಯಿ ಬಿಟ್ಟಿರುವ ಗಿಡದಿಂದಲೇ ಕಡ್ಡಿ ತನ್ನಿ, ಕೆಲವು ಗಂಡು ಗಿಡಗಳಿರುತ್ತವೆ. ಪೆನ್ಸಿಲ್ ದಪ್ಪ, ಮೂರು ನಾಲ್ಕು ಕಣ್ಣು ಇದ್ದರೆ ಸಾಕು. ಸೊಪ್ಪಿನ ತಳಿಯ ಹಣ್ಣು ಚಿಕ್ಕದು. ದಪ್ಪ ಹಣ್ಣು ಬೇಕಾದರೆ ನರ್ಸರಿಯಲ್ಲಿ ಹಣ್ಣಿನ ತಳಿ ಕೇಳಿ. ದೊಡ್ಡ ಡ್ರಮ್ಮಿನಲ್ಲಿ ಚೆನ್ನಾಗಿ ಬರುತ್ತದೆ, ನೀರಿನ ವಿಷಯದಲ್ಲಿ ಇಷ್ಟು ರಗಳೆ ಇಲ್ಲ. ಹಣ್ಣು ಮುಗಿದ ಮೇಲೆ ಕೊಂಬೆ ಸವರಿ, ಉಳಿದ ಎಲೆ ಕಿತ್ತುಹಾಕಿ. ಹೊಸ ಚಿಗುರಿನ ಜೊತೆಗೇ ಕಾಯಿ ಬರುತ್ತದೆ.

ಪಿಕಳಾರಗಳು ಬಿಡುವುದಿಲ್ಲ, ಬಲೆ ಕಟ್ಟಿ. ಬಟ್ಟೆ ಒಣಗಿಸುವ ತಂತಿಯ ಹತ್ತಿರ ಮಾತ್ರ ಇಡಬೇಡಿ, ಆ ಹಣ್ಣಿನ ಕಲೆ ಜಪ್ಪಯ್ಯ ಅಂದರೂ ಹೋಗುವುದಿಲ್ಲ.