ಮೂಳೆಯೊಳಗೆ ಉಳಿದ ಸತ್ತ ತುಣುಕು

ಪ್ರಶ್ನೆ: ಅಡಿಕೆಗೆ ಮದ್ದು ಬಿಡಲು ಮರವೇರಿದ್ದ ನನ್ನ ತಮ್ಮ ಜಾರಿ ಬಿದ್ದು, ಕೆಳಗಾಲಿನ ಮೂಳೆ ಚರ್ಮ ಸೀಳಿ ಹೊರಬಂದಿತ್ತು. ಈಗ ಅಲ್ಲಿನ ಸಣ್ಣ ತೂತಿನಿಂದ ಕೀವು ಒಸರುತ್ತದೆ. ಮಾತ್ರೆ ತೆಗೆದುಕೊಂಡರೆ ಒಣಗುತ್ತದೆ, ಬಿಟ್ಟರೆ ಮತ್ತೆ ಶುರುವಾಗುತ್ತದೆ. ಮೊನ್ನೆ ಮೂಳೆಯ ಚೂರೊಂದು ಹೊರಬಂತು. ಸತ್ತ ಮೂಳೆಯನ್ನು ಆಪರೇಷನ್ ಮಾಡಿ ತೆಗೆಯಬೇಕು, ಆದರೆ ಕೆಲವು ತಿಂಗಳು ಕಾಯಬೇಕೆಂದು ವೈದ್ಯರು ಹೇಳಿದ್ದಾರೆ. ಮಾತ್ರೆಯಲ್ಲೇ ಗುಣವಾಗದೇ? ಕಾಯುವುದೇಕೆ?
– ಓದುಗರು, ಬದಿಯಡ್ಕ

ಉತ್ತರ: ಮೂಳೆ ಬದುಕುವುದು ರಕ್ತದಿಂದ. ಮುರಿದಾಗ ಕೆಲವು ರಕ್ತನಾಳಗಳು ಹರಿದಿರುತ್ತವೆ. ಮೇಲಿಂದ ಸೋಂಕು ತಗಲಿ ಕೀವು ತುಂಬಿದರೆ, ಅದರ ಒತ್ತಡಕ್ಕೆ ಮೂಳೆಯ ಹೊರಪೊರೆ ಮೇಲೆದ್ದು ಉಳಿದ ರಕ್ತವೂ ನಿಂತು, ಆ ಭಾಗ ಸತ್ತು ಬೇರ್ಪಡುತ್ತದೆ. ವೈದ್ಯರು ಇದನ್ನು ಸೀಕ್ವೆಸ್ಟ್ರಮ್ ಎನ್ನುತ್ತಾರೆ. ಆ್ಯಂಟಿಬಯಾಟಿಕ್ ರಕ್ತದ ಮೂಲಕವೇ ಸಾಗಬೇಕಾದ್ದರಿಂದ ರಕ್ತವಿಲ್ಲದ ಈ ತುಣುಕನ್ನು ಅದು ಸರಿಯಾಗಿ ತಲುಪಲಾರದು. ಅಲ್ಲಿ ಪೊರೆ ಕಟ್ಟಿಕೊಂಡು ಕುಳಿತ ರೋಗಾಣುಗಳು ಮಾತ್ರೆ ನಿಂತೊಡನೆ ಮತ್ತೆ ಹೆಚ್ಚುತ್ತವೆ. ತೀರ ಸಣ್ಣ ಚೂರುಗಳು ತಾವಾಗಿ ಹೊರಬೀಳಬಹುದಾದರೂ, ದೊಡ್ಡದನ್ನು ತೆಗೆಯದೆ ಕೀವು ನಿಲ್ಲುವುದು ಕಷ್ಟ.

ಕಾಯಲು ಹೇಳಿದ್ದನ್ನು ಅಲಕ್ಷ್ಯವೆಂದು ದಯವಿಟ್ಟು ಭಾವಿಸಬೇಡಿ. ಸತ್ತ ತುಣುಕಿನ ಸುತ್ತ ದೇಹವು ಹೊಸ ಮೂಳೆಯ ಕವಚವನ್ನು ಕಟ್ಟುತ್ತದೆ, ಮುಂದೆ ಕಾಲಿನ ಭಾರ ಹೊರಬೇಕಾದದ್ದು ಅದೇ. ಅದು ಗಟ್ಟಿಯಾಗುವ ಮೊದಲೇ ಕೈಹಾಕಿದರೆ ಕಾಲು ಮತ್ತೆ ಮುರಿಯಬಹುದು, ಇಲ್ಲವೇ ತುಂಬಲಾಗದ ಖಾಲಿ ಉಳಿಯಬಹುದು. ಆದರೆ ಜ್ವರ, ಬಾವು, ಹೆಚ್ಚುವ ನೋವು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಕಟ್ಟಿಕೊಂಡ ಕೀವನ್ನು ಹೊರಬಿಡಲು ಕಾಯುವಂತಿಲ್ಲ.

ತೂತಿನ ಬಾಯಿಯಿಂದ ಒರೆಸಿ ತೆಗೆದ ಕೀವಿನಲ್ಲಿ ಬಹಳ ಸಲ ಚರ್ಮದ ಮೇಲಿನ ರೋಗಾಣುಗಳೇ ಸಿಗುತ್ತವೆ. ಆದ್ದರಿಂದ ಆಪರೇಷನ್ ವೇಳೆ ಆಳದ ಮೂಳೆಯನ್ನೇ ಕಲ್ಚರ್ ಪರೀಕ್ಷೆಗೆ (ರೋಗಾಣುಗಳನ್ನು ಬೆಳೆಸಿ ಯಾವುದೆಂದು ಗುರುತಿಸಲು) ಕಳುಹಿಸುತ್ತಾರೆ; ಕ್ಷಯದ ಪರೀಕ್ಷೆಯನ್ನೂ ಮಾಡಬಹುದು. ಆಪರೇಷನ್ನಿಗೆ ಮೊದಲು ಕೆಲವು ದಿನ ಮಾತ್ರೆ ನಿಲ್ಲಿಸಲು ವೈದ್ಯರು ಹೇಳಬಹುದು, ನೀವಾಗಿ ನಿಲ್ಲಿಸುವುದು ಬೇಡ. ಆಮೇಲೆ ಸಾಮಾನ್ಯವಾಗಿ 4ರಿಂದ 6 ವಾರ ಆ್ಯಂಟಿಬಯಾಟಿಕ್ ಬೇಕಾಗುತ್ತದೆ. ತಮ್ಮನಿಗೆ ಸಕ್ಕರೆ ಕಾಯಿಲೆಯಿದ್ದರೆ ಅದು ಹತೋಟಿಯಲ್ಲಿರಲಿ. ಬೀಡಿ ಸೇದುವ ಅಭ್ಯಾಸವಿದ್ದರೆ ಈಗಲೇ ಬಿಡಲಿ, ಅದು ಮೂಳೆ ಕೂಡುವುದನ್ನು ನಿಧಾನಿಸುತ್ತದೆ.

ತೂತಿಗೆ ಸೊಪ್ಪಿನ ರಸ ತುಂಬುವುದು, ಚೂರುಗಳನ್ನು ಚಿಮುಟದಿಂದ ಎಳೆಯುವುದು ಖಂಡಿತ ಬೇಡ. ವರ್ಷಾನುಗಟ್ಟಲೆ ಒಸರುವ ಇಂಥ ತೂತಿನಲ್ಲಿ ಅಪರೂಪಕ್ಕೆ ಚರ್ಮದ ಕ್ಯಾನ್ಸರ್ ಹುಟ್ಟುವುದುಂಟು. ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳಲು ಮಂಗಳೂರಿಗೆ ಹೋಗುವುದಾದರೆ ಮೊದಲ ದಿನದಿಂದ ಇಂದಿನವರೆಗಿನ ಎಲ್ಲ ಎಕ್ಸ್‌ರೇಗಳನ್ನೂ ಒಯ್ಯಿರಿ. ಹೊಸ ಮೂಳೆ ಎಷ್ಟು ಬೆಳೆದಿದೆಯೆಂಬುದು ಅವನ್ನು ಹೋಲಿಸಿದಾಗಲೇ ಚೆನ್ನಾಗಿ ತಿಳಿಯುತ್ತದೆ.