ದುಂಡು ಮುಖಕ್ಕೆ ಕತ್ತರಿ ಎಲ್ಲಿ ನಿಲ್ಲಬೇಕು?

ಪ್ರಶ್ನೆ: ನನಗೆ 38 ವರ್ಷ. ತವರು ಉಡುಪಿಯ ಹತ್ತಿರ. ಮದುವೆಯಾಗಿ ಡೊಂಬಿವಲಿಗೆ ಬಂದು 14 ವರ್ಷಗಳಾದವು. ದಿನವೂ ಲೋಕಲ್ ರೈಲು ಹಿಡಿದು ಮುಂಬಯಿಯ ಫೋರ್ಟ್‌ನ ಕಚೇರಿಗೆ ಹೋಗಿಬರುತ್ತೇನೆ. ನನ್ನದು ದುಂಡು ಮುಖ, ತುಂಬಿದ ಕೆನ್ನೆ. ಅಲೆಯಲೆಯಾದ ಕೂದಲು ನಡುಬೆನ್ನಿನವರೆಗೆ ಇದೆ. ಮಳೆಗಾಲ ಬಂತೆಂದರೆ ಉಬ್ಬಿ ನಿಲ್ಲುತ್ತದೆ. ನರೆ ಮುಚ್ಚಲು ಆರು ವರ್ಷಗಳಿಂದ ಮದರಂಗಿ ಹಚ್ಚುತ್ತಿದ್ದೇನೆ. ಗದ್ದದ ಮಟ್ಟಕ್ಕೆ ಬಾಬ್ ಕಟ್ ಮಾಡಿಸಿ ಇಡೀ ತಲೆಗೆ ಬರ್ಗಂಡಿ ಬಣ್ಣ ಹಾಕಿಸಿದರೆ ಹತ್ತು ವರ್ಷ ಕಡಿಮೆ ಕಾಣುತ್ತೀರಿ ಎಂದು ಪಾರ್ಲರ್‌ನವರು ಹೇಳುತ್ತಾರೆ. ಡಿಸೆಂಬರ್‌ನಲ್ಲಿ ಊರಿನಲ್ಲಿ ತಮ್ಮನ ಮದುವೆಯಿದೆ. ನಾನು ಜಡೆ ಹೆಣೆದು ಮಲ್ಲಿಗೆ ಮುಡಿಯಬೇಕೆಂಬುದು ಅಮ್ಮನ ಆಸೆ. ಏನು ಮಾಡಲಿ?
— ಹೆಸರು ಬೇಡ, ಡೊಂಬಿವಲಿ

ಉತ್ತರ: ಬಾಬ್ ಕಟ್ ಬೇಡ. ಕೂದಲಿನ ಅಂಚು ಎಲ್ಲಿ ಮುಗಿಯುತ್ತದೆಯೋ ನೋಡುವವರ ಕಣ್ಣು ಅಲ್ಲಿಯೇ ನಿಲ್ಲುತ್ತದೆ. ಗದ್ದದ ಮಟ್ಟದಲ್ಲಿ ನೇರವಾಗಿ ಕತ್ತರಿಸಿದ ಕೂದಲು ಮುಖದ ಅತ್ಯಂತ ಅಗಲವಾದ ಭಾಗದ ಇಕ್ಕೆಲದಲ್ಲಿ ತುಂಬಿಕೊಂಡು, ಅದರ ಕೆಳಗೇ ಅಡ್ಡಗೆರೆ ಎಳೆದಂತೆ ನಿಲ್ಲುವುದರಿಂದ, ದುಂಡುತನ ಮರೆಯಾಗುವ ಬದಲು ಅದಕ್ಕೊಂದು ಚೌಕಟ್ಟು ಹಾಕಿದಂತಾಗುತ್ತದೆ. ಅಲೆಗೂದಲು ಒದ್ದೆಯಾಗಿದ್ದಾಗ ಗದ್ದ ಮುಟ್ಟಿದರೂ ಒಣಗಿದ ಮೇಲೆ ಎರಡು ಮೂರು ಸೆಂಟಿಮೀಟರ್ ಮೇಲಕ್ಕೇರಿ ಕೆನ್ನೆಯ ಮಧ್ಯಕ್ಕೆ ಬಂದು ಕೂರುತ್ತದೆಂಬುದನ್ನೂ ನೆನಪಿಡಿ. ಕೂದಲು ತಿಂಗಳಿಗೆ ಬೆಳೆಯುವುದು ಸುಮಾರು ಒಂದು ಸೆಂಟಿಮೀಟರ್. ಜುಲೈಯಲ್ಲಿ ಮಾಡಿಸಿದ ಬಾಬ್ ಡಿಸೆಂಬರ್ ಹೊತ್ತಿಗೆ ಹೆಗಲನ್ನೂ ಮುಟ್ಟಿರುವುದಿಲ್ಲ, ಜಡೆಯ ಮಾತಂತೂ ದೂರವೇ ಉಳಿಯಿತು.

ಕತ್ತರಿ ಹಾಕಿಸುವ ಮುನ್ನ ಒಂದು ಸಣ್ಣ ಪರೀಕ್ಷೆ ಮಾಡಿಕೊಳ್ಳಿ. ಕೂದಲನ್ನು ಪೂರ್ತಿ ಹಿಂದಕ್ಕೆ ಕಟ್ಟಿ, ಹೊಲಿಗೆಯ ಟೇಪಿನಿಂದ ಹಣೆಯ ಮೇಲಿನ ಕೂದಲಿನ ಗೆರೆಯಿಂದ ಗದ್ದದ ತುದಿಯವರೆಗಿನ ಉದ್ದವನ್ನೂ ಕೆನ್ನೆಯಿಂದ ಕೆನ್ನೆಗಿರುವ ಅಗಲವನ್ನೂ ಅಳೆಯಿರಿ. ಎರಡೂ ಹೆಚ್ಚುಕಡಿಮೆ ಒಂದೇ ಆಗಿದ್ದು ದವಡೆಯ ಮೂಲೆ ನುಣುಪಾಗಿ ಬಾಗಿದ್ದರೆ ಮುಖ ದುಂಡಗಿದೆ ಎಂದರ್ಥ. ದವಡೆಯ ಮೂಲೆ ಎದ್ದು ಕಾಣುತ್ತಿದ್ದರೆ ಅದು ಚೌಕ ಮುಖ. ತಮ್ಮದು ದುಂಡು ಮುಖವೆಂದು ಬರೆಯುವವರಲ್ಲಿ ಕೆಲವರದು ಕೇವಲ ತುಂಬಿದ ಕೆನ್ನೆಯ ಕೋಲುಮುಖವಾಗಿರುತ್ತದೆ. ಅಂಥವರು ಮುಂದಿನ ಮಾತುಗಳನ್ನು ಪಾಲಿಸಬೇಕಾಗಿಲ್ಲ.

ನಿಮಗೆ ನಾನು ಹೇಳುವುದು ಉದ್ದ ಲೇಯರ್ ಕಟ್, ಅಂದರೆ ಎಳೆಗಳನ್ನು ಹಂತಹಂತವಾಗಿ ಬೇರೆ ಬೇರೆ ಉದ್ದಕ್ಕೆ ಕತ್ತರಿಸುವುದು. ಬೆನ್ನಿನ ಮೇಲಿನ ಉದ್ದ ಹಾಗೆಯೇ ಇರಲಿ, ತುದಿಯನ್ನು ಎರಡು ಬೆರಳಿನಷ್ಟು ಸರಿಮಾಡಿಸಿದರೆ ಸಾಕು. ಮುಖದ ಪಕ್ಕದ ಅತಿ ಗಿಡ್ಡ ಎಳೆಯೂ ಗದ್ದಕ್ಕಿಂತ ನಾಲ್ಕು ಬೆರಳು ಕೆಳಗೆ, ಅಂದರೆ ಕೊರಳೆಲುಬಿನ ಹತ್ತಿರ, ಮುಗಿಯಬೇಕು. ಈ ಅಳತೆಯನ್ನು ಕೂದಲು ಒಣಗಿರುವಾಗಲೇ ಬೆರಳಿಟ್ಟು ತೋರಿಸಿ. ‘ಸ್ವಲ್ಪ ಲೇಯರ್ ಮಾಡಿ’ ಎಂದಷ್ಟೇ ಹೇಳಿ ಕಣ್ಣು ಮುಚ್ಚಿ ಕುಳಿತರೆ ಕೆನ್ನೆಯ ಮೇಲೆಯೇ ಲೇಯರ್ ಶುರುವಾಗುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಅಲೆಗೂದಲಿನಲ್ಲಿ ಅಂಥ ಗಿಡ್ಡ ಲೇಯರ್ ಮಳೆಗಾಲದ ಮೊದಲ ವಾರದಲ್ಲೇ ಅಣಬೆಯಂತೆ ಅರಳುತ್ತದೆ. ಬ್ಲೋ ಡ್ರೈ ಮಾಡಿದಾಗ ಕೂದಲಿನ ಆಕಾರವನ್ನು ಹಿಡಿದಿಡುವ ಹೈಡ್ರೋಜನ್ ಬಂಧಗಳು ಗಾಳಿಯ ತೇವಕ್ಕೆ ಸಡಿಲವಾಗುವುದರಿಂದ, ಬೆಳಿಗ್ಗೆ ಅಚ್ಚುಕಟ್ಟಾಗಿ ಕೂರಿಸಿದ ಕೂದಲು ಮಹಿಳೆಯರ ಡಬ್ಬಿಯ ನೂಕುನುಗ್ಗಲಿನಲ್ಲಿ ಒಂದು ಗಂಟೆ ಕಳೆಯುವಷ್ಟರಲ್ಲಿ ತನ್ನ ಮೂಲರೂಪಕ್ಕೆ ಮರಳುತ್ತದೆ. ಆದ್ದರಿಂದ ಡ್ರೈಯರ್ ಇಲ್ಲದೆಯೂ ಸರಿಯಾಗಿ ಕೂರುವ ಕಟ್ ಮಾತ್ರ ಮುಂಬಯಿಯಲ್ಲಿ ಉಪಯೋಗಕ್ಕೆ ಬರುತ್ತದೆ.

ನಡು ಬೈತಲೆಯನ್ನು ಬಿಟ್ಟು ಹುಬ್ಬಿನ ಕಮಾನಿನ ನೇರಕ್ಕೆ ಓರೆ ಬೈತಲೆ ತೆಗೆಯಿರಿ. ಖರ್ಚಿಲ್ಲದ ಈ ಬದಲಾವಣೆ ಕೆಲವೊಮ್ಮೆ ಕತ್ತರಿಗಿಂತ ಹೆಚ್ಚು ಕೆಲಸ ಮಾಡುತ್ತದೆ, ಏಕೆಂದರೆ ನೆತ್ತಿಯ ಒಂದು ಕಡೆ ಕೂದಲು ತುಸು ಎತ್ತರವಾಗಿ ನಿಂತು ಮುಖದ ಎಡಬಲದ ಸಮಸಮ ಭಾವವನ್ನು ಮುರಿಯುತ್ತದೆ. ಹಣೆಯನ್ನು ಪೂರ್ತಿ ಮುಚ್ಚುವ ನೇರ ಮುಂಗುರುಳು ಮುಖವನ್ನು ಗಿಡ್ಡ ಮಾಡುವುದರಿಂದ ಅದು ಬೇಡ.

ಈ ಉದ್ದದಲ್ಲಿ ಅಮ್ಮನ ಆಸೆಯೂ ನಡೆಯುತ್ತದೆ. ಕೊರಳೆಲುಬಿನವರೆಗೆ ಬರುವ ಎಳೆಗಳು ಕತ್ತಿನ ಹಿಂದೆ ಜಡೆಯ ಮೊದಲ ಹೆಣಿಗೆಗಳಲ್ಲಿ ಸೇರಿಕೊಳ್ಳುತ್ತವೆ. ಹೊರಗೆ ಇಣುಕುವ ಒಂದೆರಡು ತುದಿಗಳಿಗೆ ಪಿನ್ ಸಾಕು, ದಪ್ಪ ಬೇಕಾದರೆ ಚೌರಿ ಸೇರಿಸಬಹುದು. ಎರಡು ಚೆಂಡು ಶಂಕರಪುರ ಮಲ್ಲಿಗೆ ಬಂದರೆ ಅದನ್ನು ಕಿವಿಯಿಂದ ಕಿವಿಗೆ ಅರ್ಧಚಂದ್ರವಾಗಿ ಸುತ್ತಬೇಡಿ. ಎದುರಿನಿಂದ ನೋಡುವವರಿಗೆ ಕೆನ್ನೆಯ ಎರಡೂ ಪಕ್ಕ ಬಿಳಿ ಹೂ ಕಂಡು ಮುಖ ಇನ್ನಷ್ಟು ಅಗಲವಾಗುತ್ತದೆ. ಜಡೆಯ ಉದ್ದಕ್ಕೆ ಇಳಿಬಿಡಿ.

ಇನ್ನು ಬಣ್ಣ. ಮದರಂಗಿ ಎಲೆಯ ಲಾಸೋನ್ ಎಂಬ ಅಂಶ ಕೂದಲಿನ ಕೆರಾಟಿನ್ ಎಂಬ ಪ್ರೋಟೀನಿನ ಜೊತೆ ಬೆರೆತುಹೋಗುತ್ತದೆ. ಅದು ತೊಳೆದರೆ ಹೋಗುವುದಿಲ್ಲ, ಬೆಳೆದ ಕೂದಲನ್ನು ಕತ್ತರಿಸಿದಾಗಲೇ ಹೋಗಬೇಕು. ಆರು ವರ್ಷಗಳಲ್ಲಿ ಕೂದಲು 70 ಸೆಂಟಿಮೀಟರ್‌ನಷ್ಟು ಬೆಳೆಯುತ್ತದೆ ಎಂಬ ಲೆಕ್ಕ ಹಿಡಿದರೆ ನಿಮ್ಮ ಕೂದಲಿನಲ್ಲಿ ಬುಡದಿಂದ ತುದಿಯವರೆಗೆ ಮದರಂಗಿ ಮುಟ್ಟದ ಜಾಗವೇ ಉಳಿದಿಲ್ಲ. ಅದರ ಮೇಲೆ ಬ್ಲೀಚ್ ಮಾಡಿದರೆ ಹಟಮಾರಿ ಕಿತ್ತಳೆ ಛಾಯೆ ಉಳಿದುಬಿಡುವ ಸಂಭವವೇ ಹೆಚ್ಚು. ಕೆಲವು ಪ್ಯಾಕೆಟ್ ಮೆಹಂದಿಗಳಲ್ಲಿ ಲೋಹದ ಲವಣಗಳು ಬೆರೆತಿರುತ್ತವೆ. ಅವು ಬ್ಲೀಚ್ ಮತ್ತು ಬಣ್ಣದಲ್ಲಿ ಬಳಸುವ ಹೈಡ್ರೋಜನ್ ಪೆರಾಕ್ಸೈಡ್ ಜೊತೆ ಸೇರಿದಾಗ ಕೂದಲು ಬಿಸಿಯಾಗಿ ತುಂಡಾಗುವುದೂ ಉಂಟು. ಆದ್ದರಿಂದ ಬಾಚಣಿಗೆಯಲ್ಲಿ ಉಳಿಯುವ ಕೂದಲನ್ನು ಒಂದು ವಾರ ಕೂಡಿಟ್ಟು ಪಾರ್ಲರ್‌ಗೆ ಒಯ್ದು, ಅದರ ಮೇಲೆ ಮೊದಲು ಬಣ್ಣ ಹಾಕಿ ತೋರಿಸಲು ಹೇಳಿ. ಹಾಗೆ ಮಾಡಲು ಒಪ್ಪದ ಪಾರ್ಲರ್‌ಗೆ ತಲೆ ಕೊಡಬೇಡಿ.

ಬರ್ಗಂಡಿಯ ವಿಷಯದಲ್ಲಿ ನನಗೆ ಬೇರೆಯೇ ತಕರಾರಿದೆ. ಕೆಂಪು ಛಾಯೆಗಳು ಬೇಗ ಮಾಸುತ್ತವೆ, ಮಾಸದಿರುವಷ್ಟು ದಿನ ಮುಖದ ಸುತ್ತ ಒಂದೇ ಸಮನಾದ ಉಜ್ವಲ ಬಣ್ಣದ ವೃತ್ತವಾಗಿ ನಿಲ್ಲುತ್ತವೆ. ದುಂಡು ಮುಖಕ್ಕೆ ಬೇಕಾದದ್ದು ಕೆನ್ನೆಯ ಪಕ್ಕದಲ್ಲಿ ಗಾಢತೆ, ಗದ್ದದ ಕೆಳಗೆ ಬೆಳಕು. ಬಾಲಯಾಜ್ ಎಂಬ ಹೆಸರಿನಲ್ಲಿ ಸಾವಿರಾರು ರೂಪಾಯಿ ಕೊಟ್ಟು ಮಾಡಿಸಿಕೊಳ್ಳುವುದರಲ್ಲಿ ಬಹುಪಾಲು ಇದೇ. ನಿಮ್ಮ ಮದರಂಗಿಯ ಕೆಂಗಂದು ತುದಿಗಳಲ್ಲಿ ಆ ಬೆಳಕು ಆಗಲೇ ಇದೆ. ಇನ್ನು ಮುಂದೆ ಮದರಂಗಿ ನಿಲ್ಲಿಸಿ, ನರೆ ಕಾಣುವ ಬುಡಕ್ಕೆ ಮಾತ್ರ ಐದಾರು ವಾರಕ್ಕೊಮ್ಮೆ ಗಾಢ ಕಂದು ಬಣ್ಣದ ರೂಟ್ ಟಚ್‌ಅಪ್ ಮಾಡಿಸಿ. ಬಣ್ಣಕ್ಕೆ ಬೆರೆಸುವ ಪೆರಾಕ್ಸೈಡ್ ದ್ರಾವಣಕ್ಕೆ ಡೆವಲಪರ್ ಎನ್ನುತ್ತಾರೆ; ಶೇ 6ರ, ಅಂದರೆ 20 ವಾಲ್ಯೂಮ್ ಡೆವಲಪರ್ ಅದಕ್ಕೆ ಸಾಕು. ಡಿಸೆಂಬರ್ ಹೊತ್ತಿಗೆ ಬುಡ ಗಾಢವಾಗಿ, ಉದ್ದ ಬೆಚ್ಚಗಿನ ಕೆಂಗಂದಾಗಿ ತಾನೇ ಬೆರೆತಿರುತ್ತದೆ. ಬೂದು ಮಿಶ್ರಿತ ಆ್ಯಶ್ ಛಾಯೆಗಳನ್ನು ಯಾರೇ ತೋರಿಸಿದರೂ ಬೇಡವೆನ್ನಿ, ಮದರಂಗಿಯ ಪಕ್ಕದಲ್ಲಿ ಅವು ಕೊಳೆಯಾದಂತೆ ಕಾಣುತ್ತವೆ.

ಹೇರ್ ಡೈಗಳಲ್ಲಿರುವ ಪಿಪಿಡಿ ಎಂಬ ರಾಸಾಯನಿಕ ಕೆಲವರಿಗೆ ತೀವ್ರ ಅಲರ್ಜಿ ತರುತ್ತದೆ. ಬಣ್ಣ ಹಾಕಿಸುವ 48 ಗಂಟೆ ಮೊದಲು ಕಿವಿಯ ಹಿಂದೆ ಒಂದು ತೊಟ್ಟು ಹಚ್ಚಿ ನೋಡಿ. ತುರಿಕೆ, ಕೆಂಪು, ಊತ ಯಾವುದು ಕಂಡರೂ ಮುಂದುವರಿಯಬೇಡಿ. ಮದುವೆಗೆ ಮೂರು ವಾರ ಮೊದಲು ತುದಿ ಸರಿಮಾಡಿಸಿ, ಒಂದು ವಾರ ಮೊದಲು ಬುಡದ ಬಣ್ಣ ಮುಗಿಸಿಕೊಳ್ಳಿ.

ಪ್ರಶ್ನೆ: ನನಗೆ 26 ವರ್ಷ, ಪುಣೆಯ ಹಿಂಜೆವಾಡಿಯಲ್ಲಿ ಕೆಲಸ. ನನ್ನದೂ ದುಂಡು ಮುಖ. ಗಡ್ಡ ಬಿಡಬೇಕೇ, ಬಣ್ಣ ಹಾಕಿಸಬೇಕೇ?
— ಒಬ್ಬ ಓದುಗ, ಪುಣೆ

ಉತ್ತರ: ಬಣ್ಣ ಅಗತ್ಯವಿಲ್ಲ, ಗಡ್ಡಕ್ಕಂತೂ ಹಚ್ಚಲೇಬೇಡಿ, ಮುಖದ ಚರ್ಮ ನೆತ್ತಿಗಿಂತ ಬೇಗ ಕೆರಳುತ್ತದೆ. ಗಡ್ಡ ಬಿಡಿ, ಆದರೆ ಕೆನ್ನೆಯ ಮೇಲೆ ತೀರಾ ಗಿಡ್ಡವಾಗಿಯೂ ಗದ್ದದ ಕೆಳಗೆ ಒಂದೆರಡು ಸೆಂಟಿಮೀಟರ್ ಉದ್ದವಾಗಿಯೂ ಇರಲಿ. ತಲೆಯ ಪಕ್ಕಗಳನ್ನು ಮಷೀನ್‌ನಿಂದ ಗಿಡ್ಡ ಮಾಡಿಸಿ, ಮೇಲೆ ಐದಾರು ಸೆಂಟಿಮೀಟರ್ ಉಳಿಸಿ, ಓರೆಯಾಗಿ ಮೇಲಕ್ಕೆ ಬಾಚಿ. ನೀವು ದ್ವಿಚಕ್ರದಲ್ಲಿ ಓಡಾಡುವವರಾದರೆ ಹೆಲ್ಮೆಟ್ ಆ ಎತ್ತರವನ್ನೆಲ್ಲ ಚಪ್ಪಟೆ ಮಾಡಿಬಿಡುತ್ತದೆ. ಮನೆಯಲ್ಲಿ ಜೆಲ್ ಹಚ್ಚಿ ಹೊರಡುವ ಬದಲು ಕಚೇರಿ ತಲುಪಿದ ಮೇಲೆ ಬೆರಳುಗಳನ್ನು ಒದ್ದೆ ಮಾಡಿಕೊಂಡು ಬುಡದಿಂದ ಎತ್ತಿ ಬಾಚಿಕೊಳ್ಳಿ.